ಬ್ರಿಟನ್ನಿನ ಬೋರ್ಡಿಂಗ್ ಶಾಲೆಗೆ ಮಕ್ಕಳ ತಯಾರಿ: ಯಾವ ದಾರಿ ಯಾರಿಗೆ?

ಮಗಳು ಈಗ ಐದನೇ ಕ್ಲಾಸು, ಈಗಲೇ ಕಳಿಸಿಬಿಡೋಣವೇ, ಇಲ್ಲ ಹತ್ತನೇ ಕ್ಲಾಸು ಮುಗಿಯಲಿ ಅಂತ ಕಾಯೋಣವೇ? ಇಲ್ಲಿನ ಟ್ಯೂಷನ್ ಸಾಕೇ, ಇಂಗ್ಲೆಂಡಿನಲ್ಲೇ ಒಂದು ವರ್ಷದ ತಯಾರಿ ಕೋರ್ಸಿಗೆ ಸೇರಿಸಬೇಕೇ? ಏಜೆಂಟು ಹೇಳಿದ ಬೇಸಿಗೆ ಕೋರ್ಸಿಗೆ ದುಡ್ಡು ಕಟ್ಟಿದರೆ ಸೀಟು ಸುಲಭವಾಗುತ್ತದೆಯೇ? ಬ್ರಿಟಿಷ್ ಬೋರ್ಡಿಂಗ್ ಶಾಲೆಗಳ ಪ್ರವೇಶ ಪರೀಕ್ಷೆಗೆ ಇಂಗ್ಲಿಷ್ ಪಾಠ ಹೇಳುವವಳಾದ ನನ್ನನ್ನು ಬೆಂಗಳೂರಿನಿಂದಲೂ ದುಬೈಯಿಂದಲೂ ಕನ್ನಡದ ತಂದೆ ತಾಯಂದಿರು ಕೇಳುವುದು ಹೆಚ್ಚುಕಡಿಮೆ ಇದನ್ನೇ. ಬಹಳಷ್ಟು ಮಂದಿ ಮೊದಲು ಶಾಲೆಯ ಹೆಸರು ಗೊತ್ತುಮಾಡಿಕೊಂಡು ಆಮೇಲೆ ತಯಾರಿಯ ದಾರಿ ಹುಡುಕುತ್ತಾರೆ. ಮೊದಲು ತೀರ್ಮಾನವಾಗಬೇಕಾದದ್ದು ಯಾವ ವಯಸ್ಸಿಗೆ ಕಳಿಸುವುದು ಎಂಬುದು. ಆಮೇಲೆ ಮಗುವಿಗೆ ಯಾವುದು ಕಡಿಮೆ ಬಿದ್ದಿದೆ ಎಂದು ನೋಡಬೇಕು, ದುಡ್ಡು ಅದಕ್ಕೇ ಹೋಗಬೇಕು. ಕಡಿಮೆ ಬಿದ್ದಿರುವುದು ಗಣಿತವಲ್ಲ, ಬರವಣಿಗೆ ಎಂದು ಗೊತ್ತಿದ್ದರೂ ಗಣಿತದ ಟ್ಯೂಷನ್ನಿಗೆ ಲಕ್ಷಗಟ್ಟಲೆ ಸುರಿಯುವವರನ್ನು ನೋಡಿದಾಗ ಬೇಸರವಾಗುತ್ತದೆ.

ಮೊದಲು ನೋಡಬೇಕಾದ ನಾಲ್ಕು ಸಂಗತಿ

ವಯಸ್ಸು. ಇಂಗ್ಲೆಂಡಿನಲ್ಲಿ ತರಗತಿ ಲೆಕ್ಕ ಹಾಕುವುದು ಸೆಪ್ಟೆಂಬರ್ 1ರಿಂದ ಆಗಸ್ಟ್ 31ರವರೆಗೆ. ಸೆಪ್ಟೆಂಬರಿಗೆ 11 ತುಂಬಿದ್ದರೆ ಇಯರ್ 7, 13 ತುಂಬಿದ್ದರೆ ಇಯರ್ 9, 16 ತುಂಬಿದ್ದರೆ ಇಯರ್ 12, ಅಂದರೆ ನಮ್ಮ ಪಿಯುಸಿಯಂಥ ಎರಡು ವರ್ಷದ ಸಿಕ್ಸ್ತ್ ಫಾರ್ಮ್. ಹೊರಗಿನ ಮಕ್ಕಳನ್ನು ದೊಡ್ಡ ಸಂಖ್ಯೆಯಲ್ಲಿ ಸೇರಿಸಿಕೊಳ್ಳುವುದು ಈ ಮೂರು ಹಂತಗಳಲ್ಲಿ. ಇಯರ್ 10 ಮತ್ತು 11 ಸೇರಿ ಜಿಸಿಎಸ್ಇ, ಅಂದರೆ ನಮ್ಮ ಹತ್ತನೇ ಕ್ಲಾಸಿನಂಥ ಪರೀಕ್ಷೆಯ, ಎರಡು ವರ್ಷದ ಓದು. ಅದರ ನಡುವೆ ಬಂದ ಮಗುವನ್ನು ತೆಗೆದುಕೊಳ್ಳಲು ಹೆಚ್ಚಿನ ಶಾಲೆಗಳು ಹಿಂದೇಟು ಹಾಕುತ್ತವೆ. ಹೆಸರುವಾಸಿ ಶಾಲೆಗಳಿಗೆ 13ಕ್ಕೆ ಸೇರಬೇಕೆಂದರೆ ಹೆಸರು ನೋಂದಾಯಿಸುವುದು 10ನೇ ವಯಸ್ಸಿನ ಆಸುಪಾಸಿನಲ್ಲೇ. ಈಟನ್‌ನಂಥ ಶಾಲೆಗೆ ಏಳನೇ ಕ್ಲಾಸಿನಲ್ಲಿ ಯೋಚನೆ ಶುರುಮಾಡಿದರೆ 13ರ ಪ್ರವೇಶ ಕೈತಪ್ಪಿದಂತೆಯೇ. ಅಲ್ಲಿಂದ ಮುಂದೆ ಉಳಿಯುವುದು 16, ಅಥವಾ ಅಷ್ಟು ನೂಕುನುಗ್ಗಲಿಲ್ಲದ, ಆದರೂ ಒಳ್ಳೆಯ, ಒಂದು ವರ್ಷ ಮುಂಚೆಯಷ್ಟೇ ಪರೀಕ್ಷೆ ಮಾಡುವ ಶಾಲೆಗಳು.

ದುಡ್ಡು. 2025ರ ಜನವರಿ 1ರಿಂದ ಬ್ರಿಟನ್ನಿನ ಖಾಸಗಿ ಶಾಲೆಗಳ ಪಾಠದ ಫೀಸು ಮತ್ತು ಬೋರ್ಡಿಂಗ್ ಫೀಸು ಎರಡರ ಮೇಲೂ 20 ಶೇಕಡಾ ವ್ಯಾಟ್ ಬಿದ್ದಿದೆ. ಹಳೆಯ ಬ್ರೋಷರಿನ ಅಂಕಿಯನ್ನು ನಂಬಬೇಡಿ, ವ್ಯಾಟ್ ಸೇರಿಸಿ ಎಷ್ಟು ಎಂದೇ ಕೇಳಿ. ಈಟನ್‌ನಂಥ ಶಾಲೆಗಳಲ್ಲಿ ವರ್ಷದ ಖರ್ಚು 60 ಸಾವಿರ ಪೌಂಡ್ ದಾಟಿದೆ, ಮಧ್ಯಮ ಮಟ್ಟದ ಬೋರ್ಡಿಂಗ್ ಶಾಲೆಗಳಲ್ಲಿ 45ರಿಂದ 50 ಸಾವಿರದ ಸುತ್ತಮುತ್ತ ಇದೆ. ಪೌಂಡಿಗೆ 115 ರೂಪಾಯಿ ಎಂದು ಹಿಡಿದರೂ 60 ಸಾವಿರ ಎಂದರೆ ವರ್ಷಕ್ಕೆ 69 ಲಕ್ಷ. 16ಕ್ಕೆ ಹೋದರೆ ಎರಡು ವರ್ಷಕ್ಕೆ 1.38 ಕೋಟಿ. 13ಕ್ಕೆ ಹೋದರೆ ಐದು ವರ್ಷಕ್ಕೆ 3.45 ಕೋಟಿ. ವಿಮಾನ, ಅಲ್ಲಿ ಮಗುವಿನ ಹೊಣೆ ಹೊರುವ ಗಾರ್ಡಿಯನ್, ಯೂನಿಫಾರ್ಮ್, ವರ್ಷವರ್ಷ ಏರುವ ಫೀಸು ಇದರಲ್ಲಿ ಸೇರಿಲ್ಲ. ಸ್ಕಾಲರ್‌ಶಿಪ್ಪಿನ ಆಸೆ ಇಟ್ಟುಕೊಂಡವರು ಗಮನಿಸಬೇಕು: ಎಷ್ಟೋ ಶಾಲೆಗಳಲ್ಲಿ ಅದು ಗೌರವದ ಮಾತು, ಫೀಸಿನಲ್ಲಿ ಇಳಿಯುವುದು ಸಣ್ಣ ಭಾಗ. ಕುಟುಂಬದ ಆದಾಯ ನೋಡಿ ಕೊಡುವ ದೊಡ್ಡ ರಿಯಾಯಿತಿಗೆ ಬರ್ಸರಿ ಎನ್ನುತ್ತಾರೆ. ಅದು ವಿದೇಶಿ ಮಕ್ಕಳಿಗೂ ಉಂಟೇ ಎಂದು ಮೊದಲ ಇಮೇಲಿನಲ್ಲೇ ಕೇಳಿ.

ಹಿಂದಿರುಗುವ ದಾರಿ. ಮಗು ಮುಂದೆ ಕರ್ನಾಟಕದ ಸಿಇಟಿ ಮೂಲಕ ಎಂಜಿನಿಯರಿಂಗ್ ಸೀಟು ಪಡೆಯಬಹುದು ಎಂಬ ಯೋಚನೆ ಮೂಲೆಯಲ್ಲಿದ್ದರೂ, ರಾಜ್ಯದಲ್ಲಿ ಕನಿಷ್ಠ 7 ವರ್ಷ ಓದಿರಬೇಕು ಎಂಬಂಥ ಅರ್ಹತೆಯ ಷರತ್ತುಗಳನ್ನು ಮೊದಲೇ ಓದಿಕೊಳ್ಳಿ. ಬೇಗ ಕಳಿಸಿದಷ್ಟೂ ಆ ಬಾಗಿಲು ಕಿರಿದಾಗುತ್ತದೆ. ಬ್ರಿಟನ್ನಿನಲ್ಲಿ ಶಾಲೆ ಓದಿದರೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸ್ಥಳೀಯರ ಫೀಸು ಕಟ್ಟಿದರಾಯಿತು ಎಂದುಕೊಂಡವರೂ ಇದ್ದಾರೆ. ಹಾಗಿಲ್ಲ. ಓದಿಗಾಗಿಯೇ ಅಲ್ಲಿ ಕಳೆದ ವರ್ಷಗಳು ಆ ಲೆಕ್ಕಕ್ಕೆ ಬರುವುದಿಲ್ಲ, ವಿದೇಶಿ ವಿದ್ಯಾರ್ಥಿಯ ಫೀಸೇ ಕಟ್ಟಬೇಕು.

ನಾಲ್ಕನೆಯದು ಮಗುವಿನ ಇಂಗ್ಲಿಷ್ ಮತ್ತು ಸ್ವಭಾವ. ಮಾತಾಡುವ ಇಂಗ್ಲಿಷ್ ಅಲ್ಲ, ಬರೆಯುವ ಇಂಗ್ಲಿಷ್. ಬೆಂಗಳೂರಿನ ಮಕ್ಕಳು ಸರಾಗವಾಗಿ ಮಾತಾಡುತ್ತಾರೆ. ಅದೇ ಮಗುವಿಗೆ ಒಂದು ಪುಟದ ಕಥೆಯ ತುಣುಕು ಕೊಟ್ಟು, ಈ ಪಾತ್ರಕ್ಕೆ ಹೆದರಿಕೆಯಾಗಿದೆ ಎಂದು ನಿನಗೆ ಹೇಗೆ ಗೊತ್ತಾಯಿತು, ಸಾಲು ತೋರಿಸಿ ಹೇಳು ಎಂದರೆ ತಡವರಿಸುತ್ತದೆ. ನಮ್ಮ ಶಾಲೆಗಳ ಪ್ರಶ್ನೆಪತ್ರಿಕೆಯಲ್ಲಿ ಇಂಥ ಪ್ರಶ್ನೆ ಅಪರೂಪ.

ಊರಲ್ಲೇ ಇದ್ದು ತಯಾರಾಗುವುದು

ನನ್ನನ್ನು ಕೇಳಿದರೆ ಹೆಚ್ಚಿನ ಕನ್ನಡ ಕುಟುಂಬಗಳಿಗೆ ಸರಿಹೊಂದುವುದು ಇದೇ. ಈಗಿರುವ ಶಾಲೆಯಲ್ಲೇ ಓದು ಮುಂದುವರಿಸುತ್ತಾ, ವಾರಕ್ಕೆ ಎರಡು ಮೂರು ಗಂಟೆ ಇಂಗ್ಲಿಷ್ ಬರವಣಿಗೆ ಮತ್ತು ರೀಸನಿಂಗ್, ಅಂದರೆ ತರ್ಕದ ಪ್ರಶ್ನೆಗಳ ಅಭ್ಯಾಸ. ಬ್ರಿಟನ್ನಿನ ಶಿಕ್ಷಕರಿಂದ ಆನ್‌ಲೈನ್ ಪಾಠಕ್ಕೆ ಗಂಟೆಗೆ ಹತ್ತಾರು ಪೌಂಡ್ ಆದೀತು. ಆದರೂ ಉಳಿದ ದಾರಿಗಳ ಮುಂದೆ ಇದು ಅಗ್ಗ.

ಎದುರಿಸಬೇಕಾದ ಪರೀಕ್ಷೆಗಳು ಯಾವುವೆಂದು ತಿಳಿದಿರಲಿ. 13ಕ್ಕೆ ಸೇರುವವರಿಗೆ ಅನೇಕ ಶಾಲೆಗಳು ಇಯರ್ 6 ಅಥವಾ 7ರಲ್ಲಿ ಐಎಸ್ಇಬಿ ಎಂಬ ಪರೀಕ್ಷಾ ಮಂಡಳಿಯ ಪ್ರೀ ಟೆಸ್ಟ್ ಕೇಳುತ್ತವೆ. ಕಂಪ್ಯೂಟರಿನಲ್ಲಿ ಬರೆಯುವ ಬಹು ಆಯ್ಕೆಯ ಪರೀಕ್ಷೆ ಅದು: ಇಂಗ್ಲಿಷ್, ಗಣಿತ, ವರ್ಬಲ್ ರೀಸನಿಂಗ್ (ಪದಗಳ ತರ್ಕ), ನಾನ್ ವರ್ಬಲ್ ರೀಸನಿಂಗ್ (ಆಕೃತಿಗಳ ತರ್ಕ). ಮಗು ಸರಿಯಾಗಿ ಉತ್ತರಿಸಿದಂತೆ ಮುಂದಿನ ಪ್ರಶ್ನೆ ಕಠಿಣವಾಗುತ್ತಾ ಹೋಗುತ್ತದೆ. ಒಂದು ಶೈಕ್ಷಣಿಕ ವರ್ಷದಲ್ಲಿ ಒಂದೇ ಸಲ ಬರೆಯಬಹುದು, ಅದೇ ಫಲಿತಾಂಶ ಅರ್ಜಿ ಹಾಕಿದ ಎಲ್ಲ ಶಾಲೆಗಳಿಗೂ ಹೋಗುತ್ತದೆ. ವಿದೇಶಿ ಮಕ್ಕಳಿಗೆಂದೇ ಇರುವ ಇನ್ನೊಂದು ಪರೀಕ್ಷೆ ಯುಕೆಐಸೆಟ್. ಅದರಲ್ಲಿ ರೀಸನಿಂಗ್, ಇಂಗ್ಲಿಷ್ ಓದುವಿಕೆ ಮತ್ತು ಆಲಿಸುವಿಕೆ, ಕೊನೆಗೊಂದು ಪ್ರಬಂಧ ಇರುತ್ತದೆ. ಅದೇ ವಯಸ್ಸಿನ ಬ್ರಿಟಿಷ್ ಮಕ್ಕಳ ಜೊತೆ ಹೋಲಿಸಿ ಅಂಕ ಕೊಡುತ್ತಾರೆ. 16ಕ್ಕೆ ಸೇರುವವರಿಗೆ ಮುಂದೆ ಓದಲಿರುವ ವಿಷಯಗಳಲ್ಲೇ ಪ್ರಶ್ನೆಪತ್ರಿಕೆ, ಜೊತೆಗೆ ಸಂದರ್ಶನ. ಇದು ನಡೆಯುವುದು ಸಾಮಾನ್ಯವಾಗಿ ಹಿಂದಿನ ವರ್ಷದ ಅಕ್ಟೋಬರ್, ನವೆಂಬರ್ ಹೊತ್ತಿಗೆ, ಅಂದರೆ ಮಗು ಹತ್ತನೇ ಕ್ಲಾಸಿನ ಅರ್ಧದಲ್ಲಿರುವಾಗ. ಬೋರ್ಡ್ ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎನ್ನುವವರಿಗೆ ಆ ವರ್ಷದ ಒಳ್ಳೆಯ ಸೀಟುಗಳು ಅಷ್ಟರಲ್ಲಿ ಮುಗಿದಿರುತ್ತವೆ. ತಯಾರಿ ಒಂಬತ್ತನೇ ಕ್ಲಾಸಿನ ಬೇಸಿಗೆ ರಜೆಯಲ್ಲೇ ಶುರುವಾಗಬೇಕು.

ಗಣಿತದಲ್ಲಿ ನಮ್ಮ ಮಕ್ಕಳು ಮುಂದಿರುತ್ತಾರೆ. ಅವರ ತೊಂದರೆ ಹೆಜ್ಜೆಗಳನ್ನು ಬರೆಯದೆ ಉತ್ತರಕ್ಕೆ ಹಾರುವುದು. ತಿರುಗುವ ಚೌಕ, ತ್ರಿಕೋನಗಳ ನಾನ್ ವರ್ಬಲ್ ಪ್ರಶ್ನೆಗಳು ಒಂದೆರಡು ತಿಂಗಳ ಅಭ್ಯಾಸಕ್ಕೆ ಒಗ್ಗುತ್ತವೆ. ಪ್ರಬಂಧಕ್ಕೇ ಸಮಯ ಹಿಡಿಯುವುದು. 'ಬೀಗ ಹಾಕಿದ ಬಾಗಿಲು' ಎಂಬ ವಿಷಯ ಕೊಟ್ಟಾಗ ಹನ್ನೊಂದು ವರ್ಷದ ಹುಡುಗನೊಬ್ಬ ಬರೆದ ಮೊದಲ ಸಾಲಿನಲ್ಲಿ ಕಗ್ಗತ್ತಲ ರಾತ್ರಿ, ಗುಡುಗು, ಬೆಟ್ಟದ ಮೇಲಿನ ಬಂಗಲೆ ಎಲ್ಲವೂ ಇದ್ದವು. ಯಾವುದೋ ಗೈಡಿನಿಂದ ಬಾಯಿಪಾಠವಾದದ್ದು. ನಿಮ್ಮ ಮನೆಯಲ್ಲಿ ಯಾವ ಬಾಗಿಲಿಗೆ ಬೀಗ ಇರುತ್ತೆ ಎಂದು ಕೇಳಿದೆ. ತೀರ್ಥಹಳ್ಳಿಯ ಅಜ್ಜಿ ಮನೆಯ ಅಟ್ಟದ ಬಾಗಿಲು ಎಂದ. ಕೀಲಿಕೈ ಎಲ್ಲಿರುತ್ತೆ? ಅಜ್ಜಿಯ ಸೆರಗಿನ ಗಂಟಿನಲ್ಲಿ. ಬಾಗಿಲ ಸಂದಿಯಿಂದ ಏನು ವಾಸನೆ? ಒಣಗಿದ ಅಡಿಕೆ, ಹಳೇ ಗೋಣಿಚೀಲ. ಆ ದಿನ ಅವನು ಅದನ್ನೇ ಸರಳ ಇಂಗ್ಲಿಷಿನಲ್ಲಿ ಬರೆದ. ವ್ಯಾಕರಣದ ತಪ್ಪು ಮೂರ್ನಾಲ್ಕಿದ್ದವು, ಆದರೂ ಓದಿದವರಿಗೆ ಆ ಬಾಗಿಲು ಕಣ್ಣಿಗೆ ಕಟ್ಟುತ್ತಿತ್ತು. ಬ್ರಿಟಿಷ್ ಶಾಲೆಯ ಇಂಗ್ಲಿಷ್ ಮೇಷ್ಟ್ರು ಹುಡುಕುವುದು ಇಂಥ ಬರವಣಿಗೆಯನ್ನು. ಈ ಬದಲಾವಣೆಗೆ ಆರು ತಿಂಗಳಾದರೂ ಬೇಕು. ಇದನ್ನು ಬ್ರಿಟನ್ನಿನವರೇ ಕಲಿಸಬೇಕೆಂದೇನಿಲ್ಲ. ಮಗುವಿನ ಪ್ರತಿ ಸಾಲನ್ನೂ ಓದಿ ಪ್ರಶ್ನೆ ಕೇಳುವ ತಾಳ್ಮೆ ಇರುವ ಯಾರಾದರೂ ಆದೀತು.

ಸಂದರ್ಶನಕ್ಕೂ ಇದೇ ಮಾತು. ಒಂದು ಚಿತ್ರವನ್ನೋ ಗ್ರಾಫನ್ನೋ ಮುಂದಿಟ್ಟು ಏನನ್ನಿಸುತ್ತದೆ ಎಂದು ಕೇಳುತ್ತಾರೆ. ಸರಿಯುತ್ತರಕ್ಕಾಗಿ ಕಾದು ಕೂರುವ ಮಗು ಅಲ್ಲಿ ಮಂಕಾಗಿ ಕಾಣುತ್ತದೆ. ಗೊತ್ತಿಲ್ಲ, ಆದರೆ ಹೀಗಿರಬಹುದೇನೋ ಎಂದು ಬಾಯಿಬಿಟ್ಟು ಯೋಚಿಸುವ ಮಗು ಮನಸ್ಸಿಗೆ ಹಿಡಿಸುತ್ತದೆ. ಊಟದ ಹೊತ್ತಿನಲ್ಲಿ ಮನೆಯವರೇ ದಿನಾ ಇಂಥ ಒಂದು ಪ್ರಶ್ನೆ ಕೇಳಿ, ಮಗು ಹೇಳಿದ್ದಕ್ಕೆ ಎದುರು ವಾದ ಹೂಡಿ. ಇದಕ್ಕಿಂತ ಒಳ್ಳೆಯ ತರಬೇತಿಯನ್ನು ಯಾವ ಸಂಸ್ಥೆಯೂ ಮಾರುವುದಿಲ್ಲ.

ಈ ದಾರಿಯ ದೋಷವೆಂದರೆ ಬೋರ್ಡಿಂಗ್ ಜೀವನದ ರುಚಿ ಮಗುವಿಗೆ ಮೊದಲೇ ಸಿಗುವುದಿಲ್ಲ. ಮನೆಯವರಲ್ಲಿ ಒಬ್ಬರು ಇಡೀ ವರ್ಷ ದಿನಾಂಕ, ಅರ್ಜಿ, ವರದಿಗಳ ಬೆನ್ನು ಹತ್ತಬೇಕು. ಇಬ್ಬರಿಗೂ ಕೆಲಸದಲ್ಲಿ ಪುರುಸೊತ್ತಿಲ್ಲ ಎಂದಾದರೆ ಇದು ಅರ್ಧಕ್ಕೇ ನಿಲ್ಲುತ್ತದೆ.

ಬೆಂಗಳೂರಿನ ಅಂತರರಾಷ್ಟ್ರೀಯ ಶಾಲೆಗೆ ಬದಲಾಯಿಸುವುದು

ದಿ ಇಂಟರ್‌ನ್ಯಾಷನಲ್ ಸ್ಕೂಲ್ ಬ್ಯಾಂಗಲೋರ್‌ನಲ್ಲಿ ಜಿಸಿಎಸ್ಇಯ ಅಂತರರಾಷ್ಟ್ರೀಯ ರೂಪವಾದ ಐಜಿಸಿಎಸ್ಇ ಇದೆ, ಸ್ಟೋನ್‌ಹಿಲ್‌ನಲ್ಲಿ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೊರಿಯೇಟ್) ಪಠ್ಯಕ್ರಮ ಇದೆ, 2023ರಲ್ಲಿ ಹ್ಯಾರೋ ಇಂಟರ್‌ನ್ಯಾಷನಲ್ ಸ್ಕೂಲ್ ಕೂಡ ಬೆಂಗಳೂರಿಗೆ ಬಂದಿದೆ. ಇಲ್ಲೆಲ್ಲ ಹಾಸ್ಟೆಲ್ ವ್ಯವಸ್ಥೆಯೂ ಇದೆ. ಐಜಿಸಿಎಸ್ಇ ಮುಗಿಸಿ 16ಕ್ಕೆ ಇಂಗ್ಲೆಂಡಿಗೆ ಹೋದರೆ ಸಿಕ್ಸ್ತ್ ಫಾರ್ಮಿನ ಎ ಲೆವೆಲ್ ಓದು ಹೊಸತೆನಿಸುವುದಿಲ್ಲ, ಮನೆ ಬಿಟ್ಟಿರುವ ಅಭ್ಯಾಸವೂ ಊರ ಹತ್ತಿರವೇ ಆಗಿರುತ್ತದೆ. ಫೀಸು ಇಲ್ಲೂ ಲಕ್ಷಗಳಲ್ಲಿದೆ, ಆದರೆ ಇಂಗ್ಲೆಂಡಿನದಕ್ಕಿಂತ ಬಹಳ ಕಡಿಮೆ.

ಆದರೆ ಇಂಗ್ಲೆಂಡಿಗೆ ಹೋಗಲು ಬೋರ್ಡ್ ಬದಲಾಯಿಸಲೇಬೇಕು ಎಂಬ ಮಾತು ನಿಜವಲ್ಲ. ಸಿಬಿಎಸ್ಇ, ಐಸಿಎಸ್ಇ ಮಕ್ಕಳೂ ನೇರವಾಗಿ ಸಿಕ್ಸ್ತ್ ಫಾರ್ಮ್ ಸೇರುತ್ತಾರೆ. ಎಂಟನೇ ಕ್ಲಾಸು ಮುಗಿದ ಹೊತ್ತಿಗೆ ಬದಲಾಯಿಸಿದರೆ ಲಾಭವುಂಟು, ಒಂಬತ್ತರ ನಡುವೆ ಬದಲಾಯಿಸಿದರೆ ಹೊಸ ಪಠ್ಯ, ಹೊಸ ಗೆಳೆಯರು, ಪ್ರವೇಶ ಪರೀಕ್ಷೆ ಮೂರೂ ಒಟ್ಟಿಗೆ ಮೈಮೇಲೆ ಬೀಳುತ್ತವೆ. ಹ್ಯಾರೋ ಎಂಬ ಹೆಸರಿನ ಶಾಲೆಯಲ್ಲಿ ಓದಿದ ಮಾತ್ರಕ್ಕೆ ಲಂಡನ್ನಿನ ಹ್ಯಾರೋಗೆ ಹಾದಿ ತೆರೆದಿದೆ ಎಂದೂ ತಿಳಿಯಬೇಡಿ. ಅಲ್ಲಿ ಬೇರೆಯೇ ಅರ್ಜಿ, ಬೇರೆಯೇ ಸ್ಪರ್ಧೆ.

ಹತ್ತು ಹನ್ನೊಂದಕ್ಕೇ ಅಲ್ಲಿನ ಪ್ರೆಪ್ ಶಾಲೆಗೆ

ಆಕ್ಸ್‌ಫರ್ಡಿನ ಡ್ರ್ಯಾಗನ್ ಸ್ಕೂಲ್, ಸಮ್ಮರ್ ಫೀಲ್ಡ್ಸ್‌ನಂಥ ಪ್ರೆಪ್ ಶಾಲೆಗಳು 13 ವರ್ಷದವರೆಗಿನ ಮಕ್ಕಳನ್ನು ದೊಡ್ಡ ಶಾಲೆಗಳಿಗೆ ತಯಾರು ಮಾಡುವುದನ್ನೇ ಕಸುಬಾಗಿಸಿಕೊಂಡಿವೆ. ಯಾವ ಮಗು ಯಾವ ಶಾಲೆಗೆ ಹೊಂದುತ್ತದೆ ಎಂದು ಅಲ್ಲಿನ ಮುಖ್ಯೋಪಾಧ್ಯಾಯರಿಗೆ ಚೆನ್ನಾಗಿ ಗೊತ್ತು, ಅವರ ವರದಿಗೆ ತೂಕವಿದೆ. 13ಕ್ಕೆ ಅತಿ ಸ್ಪರ್ಧೆಯ ಶಾಲೆಯೇ ಬೇಕು ಎನ್ನುವವರಿಗೆ ಇದಕ್ಕಿಂತ ಗಟ್ಟಿಯಾದ ದಾರಿಯಿಲ್ಲ.

ಆದರೂ ಹತ್ತು ವರ್ಷದ ಮಗುವನ್ನು ಎಂಟು ಸಾವಿರ ಕಿಲೋಮೀಟರು ದೂರ ಕಳಿಸುವುದನ್ನು ನಾನು ಸುಲಭವಾಗಿ ಒಪ್ಪಲಾರೆ. ಮನೆಯವರೇ ಲಂಡನ್ನಿಗೆ ವರ್ಗವಾಗಿ ಹೋಗುತ್ತಿದ್ದರೆ, ಅಥವಾ ಅಲ್ಲಿ ಚಿಕ್ಕಪ್ಪನೋ ಅತ್ತೆಯೋ ವಾರಾಂತ್ಯಕ್ಕೆ ಕರೆದುಕೊಂಡು ಹೋಗುವಷ್ಟು ಹತ್ತಿರ ಇದ್ದರೆ ಮಾತು ಬೇರೆ. ತಾಯಿಯೂ ಜೊತೆಗಿರಲಿ ಎಂದು ಪೇರೆಂಟ್ ಆಫ್ ಎ ಚೈಲ್ಡ್ ಸ್ಟೂಡೆಂಟ್ ವೀಸಾ ಮಾಡಿಸುವವರಿದ್ದಾರೆ. ಅದು ಸಿಗುವುದು ಮಗುವಿಗೆ 12 ತುಂಬುವವರೆಗೆ ಮಾತ್ರ, ತಂದೆ ತಾಯಿಯಲ್ಲಿ ಒಬ್ಬರಿಗೆ ಮಾತ್ರ, ಅಲ್ಲಿ ಉದ್ಯೋಗ ಮಾಡುವಂತಿಲ್ಲ. ಒಂದು ಮನೆಯ ಸಂಬಳ ನಿಂತು, ಎರಡನೇ ಮನೆಯ ಬಾಡಿಗೆ ಶುರುವಾಗುತ್ತದೆ.

ಇಂಗ್ಲೆಂಡಿನಲ್ಲಿ ಒಂದು ವರ್ಷದ ತಯಾರಿ ಕೋರ್ಸು

ಕೆಲವು ಬೋರ್ಡಿಂಗ್ ಶಾಲೆಗಳೊಳಗೇ ವಿದೇಶಿ ಮಕ್ಕಳಿಗೆಂದು ಪ್ರತ್ಯೇಕ ವಿಭಾಗವಿರುತ್ತದೆ. ಸಣ್ಣ ತರಗತಿ, ದಿನಾ ಇಂಗ್ಲಿಷ್, ಜೊತೆಗೆ ಒಂದೇ ವರ್ಷದಲ್ಲಿ ಕೆಲವು ಜಿಸಿಎಸ್ಇ ವಿಷಯಗಳು. ಖರ್ಚು ಹೆಚ್ಚುಕಡಿಮೆ ಒಂದು ಪೂರ್ತಿ ವರ್ಷದ ಬೋರ್ಡಿಂಗ್ ಫೀಸು.

ಇದು ಎರಡು ಬಗೆಯ ಮಕ್ಕಳಿಗೆ ನಿಜವಾಗಿ ಉಪಯೋಗ. ಕನ್ನಡ ಮಾಧ್ಯಮದಲ್ಲೋ, ಇಂಗ್ಲಿಷ್ ಹೆಸರಿಗಷ್ಟೇ ಇರುವ ಶಾಲೆಯಲ್ಲೋ ಓದಿ, ವಿಜ್ಞಾನ ಗಣಿತದಲ್ಲಿ ಚುರುಕಾಗಿದ್ದು ಭಾಷೆಯಿಂದಷ್ಟೇ ಹಿಂದೆ ಬಿದ್ದ ಮಕ್ಕಳು ಒಂದು ಬಗೆ. 13ರ ಪ್ರವೇಶ ತಪ್ಪಿ 14, 15ಕ್ಕೆ ಬಂದು ನಿಂತವರು ಇನ್ನೊಂದು. ಅವರಿಗೆ ಒಂದು ವರ್ಷದ ಜಿಸಿಎಸ್ಇ ಸೇತುವೆಯಾಗುತ್ತದೆ. ಆದರೆ ಬೆಂಗಳೂರಿನ ಒಳ್ಳೆಯ ಇಂಗ್ಲಿಷ್ ಮಾಧ್ಯಮ ಶಾಲೆಯ ಮಗುವನ್ನು ಇಲ್ಲಿಗೆ ಹಾಕಿದರೆ, ಆಗಲೇ ಬರುವುದನ್ನೇ ಕಲಿಯಲು ಐವತ್ತು ಲಕ್ಷ ಖರ್ಚು. ಗೆಳೆಯರಲ್ಲೂ ಹೆಚ್ಚಿನವರು ಬೇರೆ ದೇಶದಿಂದ ಬಂದವರೇ ಆಗಿರುವುದರಿಂದ ಬ್ರಿಟಿಷ್ ಮಕ್ಕಳ ಜೊತೆ ಬೆರೆಯುವುದು ಒಂದು ವರ್ಷ ಮುಂದಕ್ಕೆ ಹೋಗುತ್ತದೆ. ಸೇರಿಸುವ ಮುಂಚೆ ಎರಡು ಮಾತು ಬರವಣಿಗೆಯಲ್ಲಿ ಪಡೆಯಿರಿ: ಹಿಂದಿನ ವರ್ಷ ಕೋರ್ಸು ಮುಗಿಸಿದ ಮಕ್ಕಳು ಎಲ್ಲಿಗೆ ಹೋದರು, ಅದೇ ಶಾಲೆಯ ಮುಖ್ಯ ವಿಭಾಗದಲ್ಲಿ ಸೀಟು ಖಚಿತವೇ, ಇಲ್ಲ ಮತ್ತೆ ಪರೀಕ್ಷೆಯೇ.

ಬೇಸಿಗೆ ಕೋರ್ಸು, ಏಜೆಂಟರು

ಎರಡರಿಂದ ನಾಲ್ಕು ವಾರದ ಬೇಸಿಗೆ ಕೋರ್ಸಿನಿಂದ ಅಂಕ ಏರುವುದಿಲ್ಲ. ಎಷ್ಟೋ ಕೋರ್ಸುಗಳನ್ನು ಹೊರಗಿನ ಕಂಪನಿಗಳು ಶಾಲೆಯ ಕಟ್ಟಡವನ್ನು ಬಾಡಿಗೆಗೆ ಪಡೆದು ನಡೆಸುತ್ತವೆ, ಆ ಶಾಲೆಯ ಪ್ರವೇಶ ವಿಭಾಗಕ್ಕೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಅದರ ಬೆಲೆ ಬೇರೆ ಕಡೆ ಇದೆ: ಮಗುವಿಗೆ ಹಾಸ್ಟೆಲ್ ಕೋಣೆ, ಅಲ್ಲಿನ ಊಟ, ಅಪರಿಚಿತ ಮಕ್ಕಳು ಒಗ್ಗುತ್ತಾರೋ ಇಲ್ಲವೋ ಎಂದು ಕೋಟಿ ಖರ್ಚು ಮಾಡುವ ಮುಂಚೆ ಕೆಲವೇ ಲಕ್ಷದಲ್ಲಿ ಗೊತ್ತಾಗುತ್ತದೆ. ಪ್ರವಾಸಿ ವೀಸಾ ಸಾಕು. 13ಕ್ಕೆ ಕಳಿಸುವ ಯೋಚನೆ ಇರುವವರು ಒಂದು ಬೇಸಿಗೆಯನ್ನು ಇದಕ್ಕೆ ಕೊಡುವುದು ಒಳ್ಳೆಯದು. 16ರವರಿಗೆ ಅಷ್ಟು ಅಗತ್ಯವಿಲ್ಲ.

ಏಜೆಂಟರಲ್ಲಿ ನಿಷ್ಠೆಯಿಂದ ಕೆಲಸ ಮಾಡುವವರೂ ಇದ್ದಾರೆ. ಮೊದಲ ಭೇಟಿಯಲ್ಲೇ ಕೇಳಿ: ನಿಮಗೆ ದುಡ್ಡು ಕೊಡುವವರು ನಾವೋ, ಶಾಲೆಯೋ? ಶಾಲೆಯಿಂದ ಕಮಿಷನ್ ಪಡೆಯುವವರ ಪಟ್ಟಿಯಲ್ಲಿ ಕಮಿಷನ್ ಕೊಡದ ಶಾಲೆಗಳು ಇರುವುದು ಕಷ್ಟ. ಅತಿ ಬೇಡಿಕೆಯ ಶಾಲೆಗಳಿಗೆ ನೀವೇ ನೇರವಾಗಿ ಅರ್ಜಿ ಹಾಕಬಹುದು, ಪ್ರವೇಶ ವಿಭಾಗದವರು ಇಮೇಲಿಗೆ ಸರಿಯಾಗಿ ಉತ್ತರ ಕೊಡುತ್ತಾರೆ. ಮಗುವಿನ ಪ್ರಬಂಧವನ್ನೋ ಪತ್ರವನ್ನೋ ನಾವೇ ಬರೆದುಕೊಡುತ್ತೇವೆ ಎನ್ನುವವರಿಂದ ದೂರವಿರಿ.

ಮಕ್ಕಳಲ್ಲಿ ಯಾರಿಗಾದರೂ ಬ್ರಿಟಿಷ್ ಪಾಸ್‌ಪೋರ್ಟ್ ಇದ್ದರೆ ಇನ್ನೊಂದು ದಾರಿಯಿದೆ. ಕೆಂಟ್‌ನ ಕ್ರ್ಯಾನ್‌ಬ್ರುಕ್ ಸ್ಕೂಲ್, ನಾರ್ಫಕ್‌ನ ವಿಂಡಮ್ (Wymondham) ಕಾಲೇಜಿನಂಥ ಸರ್ಕಾರಿ ಬೋರ್ಡಿಂಗ್ ಶಾಲೆಗಳಲ್ಲಿ ಪಾಠ ಉಚಿತ, ಊಟ ವಸತಿಗಷ್ಟೇ ಫೀಸು. ಚೈಲ್ಡ್ ಸ್ಟೂಡೆಂಟ್ ವೀಸಾದ ಮಕ್ಕಳಿಗೆ ಇಲ್ಲಿ ಪ್ರವೇಶವಿಲ್ಲ.

ಯಾವ ದಾರಿ ಹಿಡಿದರೂ ಬಿಡದ ತಯಾರಿ

ಹೆಚ್ಚಿನ ಶಾಲೆಗಳು ಬ್ರಿಟನ್ನಿನಲ್ಲಿ ವಾಸವಿರುವ ಒಬ್ಬ ಗಾರ್ಡಿಯನ್ ಇರಲೇಬೇಕು ಎನ್ನುತ್ತವೆ. ಪ್ರತಿ ಟರ್ಮಿನ ನಡುವೆ ಹಾಫ್ ಟರ್ಮ್ ರಜೆ ಬರುತ್ತದೆ, ಎಕ್ಸಿಯಟ್ ಎಂಬ ವಾರಾಂತ್ಯಗಳು ಬರುತ್ತವೆ. ಅನೇಕ ಶಾಲೆಗಳಲ್ಲಿ ಆಗ ಹಾಸ್ಟೆಲ್ಲಿಗೆ ಬೀಗ. ಶುಕ್ರವಾರ ಸಂಜೆ ಉಳಿದ ಮಕ್ಕಳ ಅಪ್ಪ ಅಮ್ಮ ಕಾರು ತರುವಾಗ ನಿಮ್ಮ ಮಗು ಸೂಟ್‌ಕೇಸ್ ಹಿಡಿದು ಯಾರ ಮನೆಗೆ ಹೋಗುತ್ತದೆ ಎಂಬುದು ಸೇರಿಸುವ ಮೊದಲೇ ತೀರ್ಮಾನವಾಗಿರಬೇಕು. ನೆಂಟರಿಲ್ಲದಿದ್ದರೆ ಏಜಿಸ್ ಸಂಸ್ಥೆಯ ಮಾನ್ಯತೆ ಪಡೆದ ಗಾರ್ಡಿಯನ್ ಸಂಸ್ಥೆಗಳನ್ನು ನೋಡಿ. ಅಗ್ಗದ ಗಾರ್ಡಿಯನ್ ಎಂದು ಉಳಿಸಲು ಹೋಗಬೇಡಿ.

ಮನೆಯಲ್ಲಿ ಅಮ್ಮನೇ ಎಣ್ಣೆ ಹಚ್ಚಿ ಜಡೆ ಹಾಕುವ ಹುಡುಗಿ ತನ್ನ ಕೂದಲನ್ನು ತಾನೇ ತೊಳೆದು ಒಣಗಿಸಿಕೊಳ್ಳಲು ಹೊರಡುವ ಆರು ತಿಂಗಳ ಮೊದಲೇ ಶುರುಮಾಡಲಿ. ತನ್ನ ಹಾಸಿಗೆ ಮಡಿಸುವುದು, ಶಾಕಾಹಾರಿಯಾಗಿದ್ದರೆ ಅಡುಗೆಮನೆಯವರನ್ನು ಕೇಳಿ ತಿಳಿದುಕೊಳ್ಳುವುದು, ಹುಷಾರಿಲ್ಲ ಎಂದು ಹಾಸ್ಟೆಲ್ಲಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಮೇಟ್ರನ್ನಿಗೆ ಹೇಳುವುದು ಇವೂ ಅಷ್ಟೇ. ಚಿಕ್ಕ ತರಗತಿಗಳ ಮಕ್ಕಳ ಫೋನನ್ನು ಎಷ್ಟೋ ಶಾಲೆಗಳಲ್ಲಿ ರಾತ್ರಿ ತೆಗೆದಿಟ್ಟುಕೊಳ್ಳುತ್ತಾರೆ. ಅಲ್ಲಿ ರಾತ್ರಿ ಎಂಟಕ್ಕೆ ಬಿಡುವು ಸಿಕ್ಕಾಗ ಇಲ್ಲಿ ಬೇಸಿಗೆಯಲ್ಲಿ 12.30, ಚಳಿಗಾಲದಲ್ಲಿ 1.30. ವಾರಕ್ಕೆರಡು ದಿನ, ಇಂಥ ಹೊತ್ತು ಎಂದು ಮೊದಲೇ ಮಾತಾಡಿಕೊಂಡರೆ ಇಬ್ಬರಿಗೂ ನೆಮ್ಮದಿ.

ಇನ್ನು ವೀಸಾ. 4ರಿಂದ 17 ವರ್ಷದವರಿಗೆ ಚೈಲ್ಡ್ ಸ್ಟೂಡೆಂಟ್ ವೀಸಾ, ಅರ್ಜಿ ಹಾಕಲು ಕೋರ್ಸ್ ಶುರುವಾಗುವ 6 ತಿಂಗಳ ಮುಂಚಿನಿಂದ ಅವಕಾಶ. ಇದಕ್ಕೆ ಇಂಗ್ಲಿಷ್ ಪರೀಕ್ಷೆಯ ನಿಯಮವಿಲ್ಲ, ಶಾಲೆ ಕೇಳಿದ್ದಷ್ಟೇ. ಒಂದು ವರ್ಷದ ಫೀಸು 28 ದಿನ ಖಾತೆಯಲ್ಲಿ ನಿಂತಿರಬೇಕು, ಭಾರತದಿಂದ ಹೋಗುವವರಿಗೆ ಟಿಬಿ ಪರೀಕ್ಷೆ ಕಡ್ಡಾಯ, ತಂದೆ ತಾಯಿಯ ಒಪ್ಪಿಗೆ ಪತ್ರ ಬೇಕು. ಆರೋಗ್ಯ ಸರ್ಚಾರ್ಜ್ ವರ್ಷಕ್ಕೆ 776 ಪೌಂಡ್, ವೀಸಾದ ಎಲ್ಲ ವರ್ಷದ್ದೂ ಒಮ್ಮೆಗೇ. ಭಾರತದಿಂದ ಹಣ ಕಳಿಸುವಾಗ ವರ್ಷಕ್ಕೆ 10 ಲಕ್ಷ ದಾಟಿದ ಮೇಲೆ ಬ್ಯಾಂಕಿನವರು ಟಿಸಿಎಸ್ ಎಂಬ ತೆರಿಗೆ ಹಿಡಿಯುತ್ತಾರೆ. ರಿಟರ್ನ್ಸ್‌ನಲ್ಲಿ ಅದು ಹೊಂದುತ್ತದೆ, ಆದರೂ ಆ ಹಣ ಕೆಲವು ತಿಂಗಳು ಕೈಯಲ್ಲಿರುವುದಿಲ್ಲ.

ಸೀಟು ಸಿಕ್ಕಿತು ಎಂಬ ಸಂತೋಷದಲ್ಲಿ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಅದರ ಎರಡು ಷರತ್ತನ್ನು ನಿಧಾನವಾಗಿ ಓದಿ. ವಿದೇಶಿ ಮಕ್ಕಳಿಂದ ಅನೇಕ ಶಾಲೆಗಳು ಒಂದು ಟರ್ಮಿನ ಫೀಸಿನಷ್ಟು ಠೇವಣಿ ಕೇಳುತ್ತವೆ. ವೀಸಾ ಸಿಗದಿದ್ದರೆ ಅದು ವಾಪಸ್ ಬರುತ್ತದೆಯೇ? ಮಗುವಿಗೆ ಒಗ್ಗದೆ ಬಿಡಿಸಬೇಕಾದರೆ ಸಾಮಾನ್ಯವಾಗಿ ಒಂದು ಪೂರ್ತಿ ಟರ್ಮಿನ ನೋಟಿಸ್ ಕೊಡಬೇಕು, ಇಲ್ಲವಾದರೆ ಆ ಟರ್ಮಿನ ಫೀಸು ಕಟ್ಟಬೇಕು. ಮೊದಲ ಟರ್ಮು ಮುಗಿಯುವ ಡಿಸೆಂಬರಿನಲ್ಲಿ ಮಗಳು ಮನೆಗೆ ಬರುತ್ತೇನೆ ಎಂದು ಅತ್ತರೆ ಕರೆದುಕೊಂಡು ಬರಲು ಹದಿನೈದಿಪ್ಪತ್ತು ಲಕ್ಷದ ಲೆಕ್ಕ ಅಡ್ಡ ಬರಬಾರದು. ಆ ಮೊತ್ತವನ್ನು ಬೇರೆಯಾಗಿ ಎತ್ತಿಡಲು ಆಗುವುದಿಲ್ಲ ಎಂದಾದರೆ ಈ ವರ್ಷ ಬೇಡ, ಇನ್ನಷ್ಟು ಕೂಡಿಸಿಕೊಂಡು 16ಕ್ಕೆ ಅರ್ಜಿ ಹಾಕಿ.